ಎರಡನೇ ಸಲ ರಕ್ತ ತಗೊಳ್ರಿ

ಹಾಲಿನ ಕೇಂದ್ರದ ಕಟ್ಟೆಯ ಮೇಲೆ ನಿಂತು ಸಿದ್ದರಾಮೇಶ್ ಚೀಟಿ ಓದಿದಾಗ ಸುಂಕಲಮ್ಮ ಸಾಲಿನಲ್ಲಿ ಆರನೆಯವಳಾಗಿ ನಿಂತಿದ್ದಳು. ಕೈಯಲ್ಲಿ ಆಗಷ್ಟೇ ಕರೆದ ಹಾಲಿನ ಕ್ಯಾನು ಇನ್ನೂ ಬೆಚ್ಚಗಿತ್ತು.

“ದೊಡ್ಡಬೀರಪ್ಪ, ಹನುಮಂತರಾಯ, ಮಂಗಳಾ, ಸುಂಕಲಮ್ಮ. ಈ ನಾಲ್ಕು ಮನಿ ಹಾಲು ಇವತ್ತಿಂದ ತಗಳಂಗಿಲ್ಲ. ನಿಮ್ಮ ಆಕಳ ರಕ್ತದಾಗ ಕಂದು ರೋಗ ಪಾಸಿಟಿವ್ ಬಂದೈತಿ.”

ಕಂದು ರೋಗವೆಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಗಬ್ಬದ ಆಕಳು ತಿಂಗಳು ತುಂಬುವ ಮೊದಲೇ ಸತ್ತ ಕರು ಹಾಕುತ್ತದೆ. ಹಸಿ ಹಾಲಿನಿಂದ, ಕರು ಹಾಕಿದಾಗ ಬೀಳುವ ಮಾಸಿನಿಂದ ಮನುಷ್ಯರಿಗೂ ಅಂಟಿಕೊಂಡು ತಿಂಗಳುಗಟ್ಟಲೆ ಜ್ವರದಲ್ಲಿ ಮಲಗಿಸುತ್ತದೆ. ಸುಂಕಲಮ್ಮನ ಹಿಂದೆ ನಿಂತಿದ್ದ ಹೆಂಗಸು ತನ್ನ ಕ್ಯಾನನ್ನು ಎರಡು ಹೆಜ್ಜೆ ಆಚೆ ಎಳೆದುಕೊಂಡಳು.

ಸುಂಕಲಮ್ಮ ಸಾಲು ಬಿಟ್ಟು ಮುಂದೆ ಹೋದಳು. “ಸಿದ್ದರಾಮೇಶ, ನಮ್ಮ ಕೆಂಪಿ ಎರಡು ಕರ ಹಾಕೈತಿ. ಎರಡೂ ತಿಂಗಳು ತುಂಬಿ ಹುಟ್ಟ್ಯಾವು, ಎರಡೂ ಬದುಕ್ಯಾವು. ಎಲ್ಲಿಂದ ಬಂತು ರೋಗ?”

“ನನಗೇನ್ ಗೊತ್ತಕ್ಕ? ಮೇಲಿಂದ ಬಂದೈತಿ.”

“ಮೇಲಿಂದ ಅಂದ್ರ ಯಾರು? ಅವರಿಗೊಂದು ಹೆಸರಿಲ್ಲೇನು?”

ಸಿದ್ದರಾಮೇಶ್ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಮುಂದಿನ ಕ್ಯಾನಿಗೆ ಕೈ ಚಾಚಿದ. ಸುಂಕಲಮ್ಮ ಹಾಲನ್ನು ಹೊತ್ತುಕೊಂಡು ಊರ ನಡುವಿನ ದಾರಿಯಲ್ಲೇ ಮನೆಗೆ ಬಂದಳು. ಹಿತ್ತಲ ದಾರಿಯೂ ಇತ್ತು. ಆ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಆಂಧ್ರದ ಗಡಿಯಲ್ಲಿ, ಭೈರವಾನಿತಿಪ್ಪದ ಅಣೆಕಟ್ಟಿನಿಂದ ಮೂರು ಮೈಲಿ ದೂರದ ಆ ಊರಿಗೆ ಅವಳು ಸೊಸೆಯಾಗಿ ಬಂದು ಇಪ್ಪತ್ತೇಳು ವರ್ಷವಾಗಿತ್ತು. ಹುಟ್ಟಿದ್ದು ಡಿ. ಹಿರೇಹಾಳ್ ಕಡೆ, ಓದಿದ್ದು ಐದನೇ ತರಗತಿ. ಗಂಡ ನರಸಪ್ಪ ಕುರಿಗಾರ. ವರ್ಷದ ಅರ್ಧ ಭಾಗ ಹಿಂಡಿನ ಹಿಂದೆ ಹಗರಿ ಹೊಳೆಯ ದಂಡೆಯಲ್ಲೇ ಇರುವವನು. ಮನೆ, ಹೊಲ, ಆಕಳು ಎಲ್ಲ ಸುಂಕಲಮ್ಮನ ಮೇಲೆ. ಮಾತು ಕಡಿಮೆ, ಆದರೆ ಒಮ್ಮೆ ಇಲ್ಲ ಎಂದರೆ ಇಲ್ಲ. ಹಿಂದೊಮ್ಮೆ ಕರೆಂಟಿನವರು ಅವಳ ಕಣದ ನಟ್ಟನಡುವೆ ಕಂಬ ನೆಡಲು ಗುಂಡಿ ತೋಡಿದ್ದರು. ಇವಳು ಊಟದ ಬುತ್ತಿ ಹಿಡಿದುಕೊಂಡು ಆ ಗುಂಡಿಯಲ್ಲಿ ಇಳಿದು ಕುಳಿತಳು. ಬೈದರು, ಪೊಲೀಸರನ್ನು ಕರೆಸುತ್ತೇವೆಂದರು. “ಕರೆಸ್ರಿ, ಅವ್ರಿಗೂ ರೊಟ್ಟಿ ಐತಿ” ಎಂದಳು. ಇಳಿಹೊತ್ತಿಗೆ ಕಂಬ ಬದುವಿನ ಮೇಲೆ ಎದ್ದು ನಿಂತಿತ್ತು.

ಈಗ ಮಾತ್ರ ಜಗಳ ಯಾರ ಹತ್ತಿರ ಆಡಬೇಕೆಂದೇ ತಿಳಿಯಲಿಲ್ಲ. ಹತ್ತು ದಿನದ ಹಿಂದೆ ಶಾಲೆಯ ಬಯಲಿನಲ್ಲಿ ಕ್ಯಾಂಪ್ ಹಾಕಿ ಊರಿನ ಎಲ್ಲ ಆಕಳು ಎಮ್ಮೆಗಳ ಕೊರಳಿನಿಂದ ರಕ್ತ ತೆಗೆದದ್ದು ಪಶು ಸಹಾಯಕ ಅಂಜಿನಿ. ಸುಂಕಲಮ್ಮ ನೇರ ಅವನು ಕೂರುವ ರೈತು ಸೇವಾ ಕೇಂದ್ರಕ್ಕೆ ಹೋಗಿ ಅವನ ಮೇಜಿನ ಮುಂದೆ ನಿಂತಳು.

“ಅದು ಹೆಂಗ ಗೊತ್ತಾತು ನಿನಗ? ತೋರಿಸು.”

ಅಂಜಿನಿ ಒಳ್ಳೆಯವನು. ಬಿಳಿಯ ತಟ್ಟೆಯೊಂದನ್ನು ತೆಗೆದು ವಿವರಿಸಿದ. ರಕ್ತ ಹೆಪ್ಪುಗಟ್ಟಿದ ಮೇಲೆ ತೇಲುವ ತಿಳಿನೀರಿನ ಒಂದು ಹನಿ, ಗುಲಾಬಿ ಬಣ್ಣದ ಔಷಧಿಯ ಒಂದು ಹನಿ, ಎರಡನ್ನೂ ಕಡ್ಡಿಯಿಂದ ಕಲಸಿ ನಾಲ್ಕು ನಿಮಿಷ ಅಲ್ಲಾಡಿಸಬೇಕು. ಹಾಗೇ ನುಣ್ಣಗೆ ಇದ್ದರೆ ರೋಗವಿಲ್ಲ. ಒಡೆದ ಹಾಲಿನಂತೆ ಕಾಳುಗಟ್ಟಿದರೆ ಪಾಸಿಟಿವ್.

“ಕೆಂಪಿದು ಕಾಳುಗಟ್ಟಿತ್ತಕ್ಕ. ನಾನ ಕಣ್ಣಾರೆ ನೋಡೀನಿ.”

“ನಾಲ್ಕು ನಿಮಿಷದಾಗ ಆಕಳ ಹಣಿಬರಹ ಬರದುಬಿಟ್ರೇನು?”

“ನನ್ನ ಕೈಯಾಗ ಇಷ್ಟ ಇರಾದು. ಬೇಕಾದ್ರ ರಾಯದುರ್ಗಕ್ಕ ಹೋಗಿ ಡಾಕ್ಟರ್ ಮೇಡಂನ ಕೇಳ್ರಿ.”

ಅಷ್ಟರಲ್ಲಿ ಸುದ್ದಿ ತಿಳಿದು ನರಸಪ್ಪ ಹಿಂಡನ್ನು ತಮ್ಮನಿಗೆ ಒಪ್ಪಿಸಿ ಊರಿಗೆ ಬಂದ. ಬಂದವನು ಕಂಬಳಿಯನ್ನು ಹೆಗಲಿನಿಂದ ಇಳಿಸುವ ಮೊದಲೇ ಹೇಳಿದ: “ಮಾರಿಬಿಡಾಣ. ದೊಡ್ಡಬೀರಪ್ಪ ಆಗಲೇ ತನ್ನ ಆಕಳನ್ನ ದೂರದ ಸಂತಿಗೆ ಹೊಡದು ಬಂದಾನಂತ. ಸುದ್ದಿ ಹಬ್ಬಿದ ಮ್ಯಾಲ ಯಾರೂ ಮೂಸಿ ನೋಡಂಗಿಲ್ಲ.”

“ರೋಗ ಇದ್ರ ಅದನ್ನ ಇನ್ನೊಬ್ಬರ ಮನಿ ಬಾಗಿಲಿಗೆ ಕಟ್ಟಿ ಬರಾದೇನ್ರಿ? ರೋಗ ಇಲ್ಲದಿದ್ರ ಯಾಕ ಮಾರಬೇಕು? ಎರಡರಾಗ ಯಾವುದು ಅಂತ ಗೊತ್ತಾಗಾ ತನಕ ಕೆಂಪಿ ಇಲ್ಲೇ ಇರ್ತೈತಿ.”

ನರಸಪ್ಪ ಕಂಬಳಿ ಇಳಿಸಿ ಗೂಟಕ್ಕೆ ತೂಗುಹಾಕಿದ. ಇಪ್ಪತ್ತೇಳು ವರ್ಷದಲ್ಲಿ ಅವನಿಗೆ ಆ ದನಿಯ ಪರಿಚಯವಾಗಿತ್ತು.

ಹಟ ಮಾಡಿದಳೆಂದು ಅವಳು ಮೈಮರೆಯಲಿಲ್ಲ. ಕೆಂಪಿಯನ್ನು ಕೊಟ್ಟಿಗೆಯಲ್ಲಿದ್ದ, ಹಾಲು ಬತ್ತಿದ ಇನ್ನೊಂದು ಆಕಳಿನಿಂದ ಬಿಡಿಸಿ ಹಿತ್ತಲ ಬೇವಿನ ಮರಕ್ಕೆ ಕಟ್ಟಿದಳು. ಹಾಲು ಕರೆದಮೇಲೆ ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡಳು. ಹಾಲನ್ನು ಚೆನ್ನಾಗಿ ಉಕ್ಕಿಸಿ ಮನೆಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ತಿಪ್ಪೆಗೆ ಸುರಿದಳು. ಒಂದೊಂದು ಸಲ ಕೆಂಪಿಯ ಮುಖ ನೋಡುತ್ತ, ನಿಜವಾಗಿಯೂ ಇದ್ದರೆ ಎಂಬ ಯೋಚನೆಯೂ ಬರುತ್ತಿತ್ತು. ಇದ್ದರೆ ಇರಲಿ, ಆದರೆ ಸರಿಯಾಗಿ ನೋಡಿ ಹೇಳಲಿ.

ಆ ದಿನಗಳಲ್ಲಿ ಅವಳ ಮನೆಗೆ ಬಂದುಹೋಗುತ್ತಿದ್ದವಳು ಒಬ್ಬಳೇ, ಎದುರು ಮನೆಯ ಮಂಗಳಾ. ಅವಳ ಕಪ್ಪು ಆಕಳೂ ಪಟ್ಟಿಯಲ್ಲಿತ್ತು. ಇಬ್ಬರೂ ಸಂಜೆ ಜಗಲಿಯ ಮೇಲೆ ಕುಳಿತು ಸಿದ್ದರಾಮೇಶನನ್ನು ಬೈಯುತ್ತಿದ್ದರು. ಮಂಗಳಾಳ ಗಂಡನಿಗೆ ಬಿಟ್ಟುಬಿಟ್ಟು ಬರುವ ಜ್ವರ, ಸೊಂಟನೋವು. ಟೈಫಾಯ್ಡ್ ಎಂದು ಮೂರು ತಿಂಗಳಿಂದ ಮಾತ್ರೆ ನುಂಗುತ್ತಿದ್ದ. ಅವಳಿಗೆ ಆ ಚಿಂತೆಯೇ ಸಾಕಾಗಿತ್ತು.

“ನಿಂದೂ ಸುಳ್ಳ ಇರ್ತೈತಿ, ಧೈರ್ಯ ಮಾಡು” ಎಂದಿದ್ದಳು ಸುಂಕಲಮ್ಮ. ಆ ಮಾತನ್ನು ಆಡಬಾರದಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ರಾಯದುರ್ಗದ ಪಶು ಆಸ್ಪತ್ರೆಯ ಡಾಕ್ಟರ್ ಭುವನಾ ಮೂವತ್ತೈದರ ಹೆಣ್ಣುಮಗಳು. ಬೆಳಿಗ್ಗೆಯಿಂದ ಕುರಿಗಳಿಗೆ ಔಷಧಿ ಕುಡಿಸಿ ಸುಸ್ತಾಗಿದ್ದರೂ ಸುಂಕಲಮ್ಮನನ್ನು ಬೆಂಚಿನ ಮೇಲೆ ಕೂರಿಸಿ ಮಾತಾಡಿದಳು.

“ಆ ತಟ್ಟೆ ಪರೀಕ್ಷೆ ಅನುಮಾನ ಹೇಳತದಮ್ಮ, ತೀರ್ಪು ಹೇಳಂಗಿಲ್ಲ. ರೋಗದ ಜೊತಿ ಹೊಡೆದಾಡಿದ ಗುರುತು ರಕ್ತದಾಗ ಇದ್ರ ಸಾಕು, ಕಾಳುಗಟ್ಟತದ. ಆ ಗುರುತು ರೋಗದಿಂದಲೂ ಬರ್ತದ, ಲಸಿಕೆಯಿಂದಲೂ ಬರ್ತದ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರಕ್ಕ ಲಸಿಕೆ ಹಾಕಿದ್ರ ದೊಡ್ಡದಾಗೋ ಹೊತ್ತಿಗೆ ಸಾಮಾನ್ಯವಾಗಿ ಗುರುತು ಅಳಿದುಹೋಗತದ. ಬೆಳೆದ ಮೇಲೆ ಹಾಕಿದ್ರ ವರ್ಷಗಟ್ಟಲೆ ಉಳೀಬಹುದು. ನಿಮ್ಮದಕ್ಕ ಲಸಿಕೆ ಆಗಿತ್ತಾ?”

“ಗೊತ್ತಿಲ್ರಿ. ಗಬ್ಬ ಇದ್ದಾಗ ಮಡಕಶಿರಾ ಕಡಿಂದ ತಂದದ್ದು. ನಮ್ಮಕ್ಕನ ಮನಿದು.”

ಭುವನಾ ಪರೀಕ್ಷೆಯ ಪಟ್ಟಿಯಲ್ಲಿದ್ದ ಕೆಂಪಿಯ ಕಿವಿ ಓಲೆಯ ನಂಬರನ್ನು ಮೊಬೈಲಿನಲ್ಲಿ ಒತ್ತಿ ನೋಡಿದಳು. ಲಸಿಕೆಯ ಸುಳಿವೇ ಇರಲಿಲ್ಲ. ಹಳೆಯ ಓಲೆ ಜಾಲಿ ಬೇಲಿಗೆ ಸಿಕ್ಕಿ ಕಿವಿ ಹರಿದುಕೊಂಡು ಬಿದ್ದುಹೋಗಿ, ಇಲ್ಲಿ ಹೊಸ ಓಲೆ ಹಾಕಿಸಿದ್ದರು. ಹಳೆಯ ನಂಬರಿನ ಜೊತೆ ಹಳೆಯ ಕಥೆಯೂ ಹೋಗಿತ್ತು.

“ಹಂಗಾದ್ರ ಎರಡನೇ ಸಲ ರಕ್ತ ತಗೊಳ್ರಿ. ಬ್ಯಾರೆ ಪರೀಕ್ಷೆ ಮಾಡ್ರಿ” ಎಂದಳು ಸುಂಕಲಮ್ಮ.

“ಗುರುತು ಬಿಟ್ಟು ರೋಗಾಣುನ್ನೇ ಹುಡುಕೋ ಪರೀಕ್ಷೆ ಅದು, ದೊಡ್ಡ ಲ್ಯಾಬಿನಾಗ ಆಗಬೇಕು. ಸುತ್ತಮುತ್ತ ನಲವತ್ತು ಪಾಸಿಟಿವ್ ಅದಾವು. ಎಲ್ಲಾನೂ ಒಮ್ಮೆಗೇ ಕಳಿಸಾಕ ಬಿಡಂಗಿಲ್ಲ. ಒಂದು ಗಟ್ಟಿ ಕಾರಣ ತಗೊಂಡು ಬರ್ರಿ, ನಾನು ಬರೆದು ಕಳಿಸ್ತೀನಿ. ಲಸಿಕೆ ಹಾಕಿದ ದಾಖಲೆ ಸಿಕ್ರ ಸಾಕು.”

ಮರುದಿನವೇ ಸುಂಕಲಮ್ಮ ಹೊರಟಳು. ಕಲ್ಯಾಣದುರ್ಗದಲ್ಲಿ ಬಸ್ ಬದಲಿಸಿ, ಪಾವಗಡದಲ್ಲಿ ಇನ್ನೊಮ್ಮೆ ಬದಲಿಸಿ, ಮಡಕಶಿರಾ ದಾಟಿ ಅಕ್ಕನ ಊರು ಸೇರುವಷ್ಟರಲ್ಲಿ ಹೊತ್ತು ಇಳಿದಿತ್ತು. ಭಾವ ಚಿಕ್ಕತಿಮ್ಮಯ್ಯ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದ. ವಿಷಯ ಕೇಳಿ ಸೊಪ್ಪಿನ ಬುಟ್ಟಿ ಕೆಳಗಿಟ್ಟ.

“ಲಸಿಕೆನಾ? ಹಾಕ್ಸಿದ್ವಿ ಕಣಮ್ಮ. ನಮ್ಮೂರ್ನಾಗೆ ಸಣ್ಣ ಕರಗಳಿಗೆ ಅಂತ ಬಂದಿದ್ರು. ಬಾಟ್ಲಿ ತೆಗೆದ್ಮೇಲೆ ಆವತ್ತೇ ಮುಗಿಸ್ಬೇಕಂತೆ, ಒಂದೆರಡು ಡೋಸ್ ಉಳಿದ್ವಂತೆ. ‘ನಿಮ್ ಕಡಸಿಗೂ ಹಾಕ್ಬಿಡ್ತೀವಿ’ ಅಂದ್ರು. ಒಳ್ಳೇದೇ ಅಲ್ವಾ ಅಂತ ನಾನೇ ಕೊಂಬು ಹಿಡ್ಕೊಂಡು ನಿಂತಿದ್ದೆ.”

“ಕೊಂಬು ಬಂದಿದ್ವಾ ಭಾವ ಆಗಲೇ?”

“ಬರ್ದೆ ಇನ್ನೇನು? ವರ್ಷ ದಾಟಿ ಎರಡು ತಿಂಗಳಾಗಿತ್ತು. ಆಗ ನಮ್ಮನೇಲಿ ಇದ್ದಿದ್ದೇ ಅದೊಂದು.”

ಸುಂಕಲಮ್ಮ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತುಕೊಂಡಳು. ಬೆಳೆದ ಮೇಲೆ ಹಾಕಿದರೆ ಗುರುತು ಉಳಿಯುತ್ತದೆ ಎಂದು ಭುವನಾ ಹೇಳಿದ್ದು ಇದನ್ನೇ.

ಬೆಳಿಗ್ಗೆ ಭಾವನೊಂದಿಗೆ ಆ ಊರಿನ ಪಶು ಆಸ್ಪತ್ರೆಗೆ ಹೋದಳು. ಪುಸ್ತಕಗಳನ್ನು ನೋಡಿಕೊಳ್ಳುವವನು ತೆಲುಗಿನಲ್ಲಿ ತಕರಾರು ತೆಗೆದ. ನಿಮ್ಮದು ಅನಂತಪುರ ಜಿಲ್ಲೆ, ಇದು ಈಗ ಬೇರೆ ಜಿಲ್ಲೆ, ಇಲ್ಲಿಯ ದಾಖಲೆ ಅಲ್ಲಿಯವರಿಗೆ ಕೊಡಲು ಬರುವುದಿಲ್ಲ ಎಂದ. ಸುಂಕಲಮ್ಮನೂ ತೆಲುಗಿನಲ್ಲೇ ಉತ್ತರ ಕೊಟ್ಟಳು. ಈ ಆಕಳು ಹುಟ್ಟಿದಾಗ ಜಿಲ್ಲೆ ಒಂದೇ ಇತ್ತು, ನೀವು ಗೆರೆ ಎಳೆದದ್ದು ಅದಕ್ಕೆ ಗೊತ್ತಿಲ್ಲ ಎಂದಳು. ಅವನು ನಕ್ಕ. ನಕ್ಕಮೇಲೆ ಬೀರು ತೆಗೆಯದೆ ಗತಿಯಿರಲಿಲ್ಲ.

ಲಸಿಕೆಯ ಪುಸ್ತಕದಲ್ಲಿ ಚಿಕ್ಕತಿಮ್ಮಯ್ಯನ ಹೆಸರು ಸಿಕ್ಕಿತು. ಹೆಣ್ಣು ಕರು, ಕೆಂಪು, ಒಂದು. ಪಕ್ಕದಲ್ಲಿ ಓಲೆಯ ನಂಬರು. ವಯಸ್ಸಿನ ಜಾಗದಲ್ಲಿ “ಏಳು ತಿಂಗಳು” ಎಂದು ಬರೆದಿತ್ತು.

“ಸುಳ್ಳು!” ಎಂದ ಚಿಕ್ಕತಿಮ್ಮಯ್ಯ.

ಕ್ಯಾಂಪಿನಲ್ಲಿ ಎಂಟು ತಿಂಗಳು ದಾಟಿದ್ದಕ್ಕೆ ಹಾಕುವಂತಿರಲಿಲ್ಲ. ಹಾಕಿದ್ದನ್ನು ಮುಚ್ಚಲು ಯಾರೋ ಏಳು ಎಂದು ಗೀಚಿದ್ದರು. ಏಳು ತಿಂಗಳಿಗೆ ಹಾಕಿದ್ದರೆ ಗುರುತು ಅಳಿಸಿರಬೇಕು. ಅಳಿಸಿಲ್ಲವೆಂದರೆ ರೋಗವೇ ಎಂದಾಗುತ್ತದೆ. ಈ ಕಾಗದ ಹಿಡಿದುಕೊಂಡು ಹೋದರೆ ಅದು ಕೆಂಪಿಯ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಸುಂಕಲಮ್ಮ ಆ ಸಾಲನ್ನೇ ನೋಡುತ್ತ ಕುಳಿತಳು. ಆಮೇಲೆ ತಲೆ ಎತ್ತಿ ಕೇಳಿದಳು.

“ಭಾವ, ಕೆಂಪಿಗೆ ಗಬ್ಬ ಕಟ್ಟಿಸಾ ಸೂಜಿ ಎಲ್ಲಿ ಹಾಕ್ಸಿದ್ರಿ?”

“ಇಲ್ಲೇ.”

“ಅದನ್ನೂ ಬರದಿರ್ತಾರಲ್ಲ? ಆ ಪುಸ್ತಕ ತೆಗಿಸ್ರಿ.”

ಅದು ಸಿಕ್ಕಲು ಒಂದು ಗಂಟೆ ಹಿಡಿಯಿತು. ದೂಳು ಕೊಡವಿ ಹಾಳೆ ತಿರುವಿದಾಗ ಅದೇ ಚಿಕ್ಕತಿಮ್ಮಯ್ಯ, ಅದೇ ಕೆಂಪು ಕಡಸು, ಅದೇ ಓಲೆಯ ನಂಬರು, ಮೊದಲ ಸೂಜಿ. ತಾರೀಖು ನೋಡಿದರೆ ಲಸಿಕೆ ಹಾಕಿದ ಎರಡೇ ತಿಂಗಳಿಗೆ. ಸುಂಕಲಮ್ಮ ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಎರಡು ಸಾಲಿನ ಮೇಲೂ ಬೆರಳಿಟ್ಟಳು.

“ಅಲ್ಲಪ್ಪ, ಒಂಬತ್ತು ತಿಂಗಳ ಕರಕ್ಕ ಗಬ್ಬದ ಸೂಜಿ ಹಾಕಿದ್ರೇನು ನೀವು? ಅದು ಬೆದೆಗೆ ಬಂದು ಗಬ್ಬಾನೂ ನಿಂತುಬಿಡ್ತೇನು? ಇದು ನಿಜ ಇದ್ರ ಅದು ಸುಳ್ಳು. ಯಾವುದು ನೀವ ಹೇಳ್ರಿ.”

ಪುಸ್ತಕದವನು ಎರಡೂ ಸಾಲು ಓದಿದ. ಮತ್ತೊಮ್ಮೆ ಓದಿದ. ಎದ್ದು ಹೋಗಿ ಕಿಟಕಿ ತೆರೆದು ಬೆಳಕು ಮಾಡಿಕೊಟ್ಟ. ಚಿಕ್ಕತಿಮ್ಮಯ್ಯ ಮೊಬೈಲಿನಲ್ಲಿ ಎರಡೂ ಹಾಳೆಗಳ ಫೋಟೊ ತೆಗೆದ.

ಭುವನಾ ಆ ಫೋಟೊಗಳನ್ನು ದೊಡ್ಡದು ಮಾಡಿ ನೋಡಿ, ಕುರ್ಚಿಗೆ ಒರಗಿ, “ಇದನ್ನ ನಾನು ಹುಡುಕಬೇಕಿತ್ತು” ಎಂದಳು. ಮರುವಾರ ತಾನೇ ಐಸಿನ ಡಬ್ಬಿ ತೆಗೆದುಕೊಂಡು ಊರಿಗೆ ಬಂದಳು. ಕೆಂಪಿಯ ರಕ್ತ, ಹಾಲು ಎರಡನ್ನೂ ತುಂಬಿಕೊಂಡು ಡಬ್ಬಿ ಮುಚ್ಚಲು ಹೋದಾಗ ಸುಂಕಲಮ್ಮ ಕೈ ಅಡ್ಡ ಹಿಡಿದಳು.

“ನನ್ನದಷ್ಟ ಅಲ್ರೀ. ಹನುಮಂತರಾಯಂದು, ಮಂಗಳಾಂದೂ ತಗೊಳ್ರಿ. ನನ್ನ ಆಕಳಿಗೆ ಸುಳ್ಳು ಬಂದಿದ್ರ ಅವರಿಗೂ ಬಂದಿರಬಹುದು.”

ಭುವನಾ ಇನ್ನಷ್ಟು ಸೀಸೆಗಳನ್ನು ತೆಗೆದಳು. ಹನುಮಂತರಾಯ ಒಪ್ಪಿದ. ಮಂಗಳಾ ಮಾತ್ರ ಬಾಗಿಲಲ್ಲೇ ನಿಂತು ಹಿಂದೆಮುಂದೆ ನೋಡಿದಳು. “ಮತ್ತ ಅದನ್ನ ಯಾಕ ಕೆದಕಬೇಕು?” ಎಂದಳು. ಸುಂಕಲಮ್ಮ ಅವಳ ಕೈ ಹಿಡಿದು ಕರೆತಂದಳು.

ಫಲಿತಾಂಶ ಬರಲು ಐದು ವಾರ ಬೇಕಾಯಿತು. ಆ ಐದು ವಾರವೂ ಸುಂಕಲಮ್ಮ ಬೆಳಿಗ್ಗೆ ಆರೂವರೆಗೆ ಖಾಲಿ ಕ್ಯಾನು ಹಿಡಿದು ಹಾಲಿನ ಕೇಂದ್ರದ ಸಾಲಿನಲ್ಲಿ ನಿಂತಳು. ತನ್ನ ಸರದಿ ಬಂದಾಗ, “ನನ್ನ ಹಾಲು ಯಾಕ ಬ್ಯಾಡ ಅಂತ ಕಾಗದದಾಗ ಬರದು ಕೊಡು” ಎಂದು ಸಿದ್ದರಾಮೇಶನನ್ನು ಕೇಳುವಳು. ಅವನು ಬರೆದುಕೊಡಲಿಲ್ಲ, ಅವಳು ಕೇಳುವುದನ್ನೂ ಬಿಡಲಿಲ್ಲ. ಮೊದಮೊದಲು ಜನ ನಕ್ಕರು. ಮೂರನೇ ವಾರಕ್ಕೆ ಸಾಲಿನಲ್ಲಿದ್ದ ಮುದುಕನೊಬ್ಬ, “ಬರಕೊಡಪ್ಪ, ಅದರಾಗೇನೈತಿ?” ಎಂದ.

ಕೊನೆಗೆ ಫಲಿತಾಂಶ ಬಂತು. ಕೆಂಪಿಗೆ ರೋಗವಿಲ್ಲ. ಹನುಮಂತರಾಯನ ಆಕಳಿಗೂ ಇಲ್ಲ. ಮಂಗಳಾಳ ಕಪ್ಪು ಆಕಳಿಗೆ ಇದೆ. ಅದರ ಹಾಲಿನಲ್ಲೇ ರೋಗಾಣು ಸಿಕ್ಕಿದೆ.

ಮೊದಲ ಎರಡು ಮಾತಿಗೆ ಸುಂಕಲಮ್ಮ ಭುವನಾಳಿಗೆ ಕೈಮುಗಿದಳು. ಮೂರನೆಯದನ್ನು ಕೇಳಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಳು. ಅದನ್ನು ತಾನೇ ಹೋಗಿ ಮಂಗಳಾಳಿಗೆ ಹೇಳುತ್ತೇನೆಂದಳು.

ಮಂಗಳಾ ಅಕ್ಕಿ ಆರಿಸುತ್ತಿದ್ದಳು. ಕೇಳಿ, ಮೊರವನ್ನು ಬದಿಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದಳು: ಹೋದ ವರ್ಷ ಕಪ್ಪು ಆಕಳು ಏಳನೇ ತಿಂಗಳಿಗೆ ಸತ್ತ ಕರು ಹಾಕಿತ್ತು. ನಾಯಿಗೆ ಬೆದರಿ ಹಾಗಾಯಿತೆಂದು ಊರಿಗೆ ಹೇಳಿದ್ದರು. ಮಾಸನ್ನು ಗಂಡನೇ ಕೈಯಿಂದ ಎಳೆದು ಹೂತಿದ್ದ.

“ಸುಳ್ಳ ಇರ್ತೈತಿ ಅಂದಿದ್ಯಲ್ಲ ನೀನು” ಎಂದಳು.

“ಅಂದಿದ್ದೆ. ತಪ್ಪಾತು ಮಂಗಳಾ. ಗೊತ್ತಿಲ್ಲದ್ದನ್ನ ಹೇಳಿಬಿಟ್ಟೆ.”

ಮರುದಿನ ಬೆಳಿಗ್ಗೆ ಸುಂಕಲಮ್ಮ ತುಂಬಿದ ಕ್ಯಾನಿನೊಂದಿಗೆ ಕೇಂದ್ರಕ್ಕೆ ಹೋದಳು. ಸಿದ್ದರಾಮೇಶನಿಗೆ ವಿಷಯ ಆಗಲೇ ಮುಟ್ಟಿತ್ತು. “ಬಾ ಅಕ್ಕ, ಹಾಕು. ಆದದ್ದಾತು” ಎಂದು ಕ್ಯಾನಿಗೆ ಕೈ ಹಾಕಿದ. ಅವಳು ಕೊಡಲಿಲ್ಲ.

“ಆದದ್ದಾತು ಅಂದ್ರ ಆಗಂಗಿಲ್ಲ. ಕಟ್ಟಿ ಮ್ಯಾಲ ನಿಂತು ನನ್ನ ಹೆಸರು ಓದಿದೆಲ್ಲ, ಈಗ ಈ ಕಾಗದಾನೂ ಅಷ್ಟ ಜೋರಾಗಿ ಓದು. ಆಮ್ಯಾಲ ಹಾಲು.”

“ಎಲ್ಲಾರ ಮುಂದ ಯಾಕಕ್ಕ?”

“ಎಲ್ಲಾರ ಮುಂದ ಹೋಗಿದ್ದು ಎಲ್ಲಾರ ಮುಂದನ ಬರಬೇಕು.”

ಸಾಲು ಮುಂದಕ್ಕೆ ಹೋಗುವಂತಿರಲಿಲ್ಲ. ಹಿಂದಿದ್ದವರು ಓದು ಓದು ಎಂದರು. ಸಿದ್ದರಾಮೇಶ್ ಕಟ್ಟೆ ಹತ್ತಿ ಓದಿದ. ಸುಂಕಲಮ್ಮನ ಆಕಳು, ರೋಗವಿಲ್ಲ. ಹನುಮಂತರಾಯನ ಆಕಳು, ರೋಗವಿಲ್ಲ. ಕೆಂಪಿಯ ಹಾಲನ್ನು ಅವನೇ ಅಳೆದುಕೊಂಡ.

ಮೂರು ದಿನದ ನಂತರ ಮಧ್ಯಾಹ್ನ ಎದುರು ಮನೆಯ ಮುಂದೆ ಟಾಟಾ ಏಸ್ ಬಂದು ನಿಂತಿತು. ಬಳ್ಳಾರಿ ಕಡೆಯ ವ್ಯಾಪಾರಿಯೊಬ್ಬ ಇಳಿದ. ಮಂಗಳಾ ಕಪ್ಪು ಆಕಳಿನ ಹಗ್ಗ ಹಿಡಿದು ಹೊರಗೆ ಬಂದಳು. ಸುಂಕಲಮ್ಮ ಕಸಬರಿಗೆಯನ್ನು ಅಲ್ಲೇ ಬಿಟ್ಟು ಬಂದು ಗಾಡಿಗೂ ಆಕಳಿಗೂ ನಡುವೆ ನಿಂತಳು.

“ಬ್ಯಾಡ ಮಂಗಳಾ.”

“ದೊಡ್ಡಬೀರಪ್ಪ ಮಾರಿದಾಗ ಎಲ್ಲಿದ್ದೆ ನೀನು? ನಿನ್ನದು ಚಲೋ ಆತು, ಈಗ ನನಗ ಬುದ್ಧಿ ಹೇಳಾಕ ಬಂದ್ಯಾ?”

“ಅವನ್ನ ತಡೀಲಿಲ್ಲ, ತಡೀಬೇಕಿತ್ತು. ಸುಳ್ಳು ಹೇಳಿದ್ದಕ್ಕ ಆ ಪರೀಕ್ಷೆ ಜೊತಿ ಜಗಳ ಆಡೀನಿ. ಈಗ ನಿಜ ಹೇಳೈತಿ, ಮುಚ್ಚಾಕ ಬಿಡಂಗಿಲ್ಲ. ಇದು ಹೋದ ಮನಿಯಾಗೂ ಬಸುರಿ ಇರ್ತಾಳ, ಕೂಸು ಇರ್ತೈತಿ.” ಆಮೇಲೆ ವ್ಯಾಪಾರಿಯ ಕಡೆ ತಿರುಗಿ, “ಈ ಆಕಳಿಗೆ ಕಂದು ರೋಗ ಐತ್ರಿ. ಲ್ಯಾಬಿನ ಕಾಗದ ಐತಿ” ಎಂದಳು.

ವ್ಯಾಪಾರಿ ಆಕಳನ್ನೂ ಇಬ್ಬರು ಹೆಂಗಸರನ್ನೂ ನೋಡಿದ. ಗಾಡಿ ತಿರುಗಿಸಿಕೊಂಡು ಹೋದ.

ಮಂಗಳಾ ಬೀದಿಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದಳು. ಸುಂಕಲಮ್ಮ ನಿಂತಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಬೈಗಳು ಮುಗಿದ ಮೇಲೆ, “ನಿನ್ನ ಗಂಡನ ಜ್ವರ ಟೈಫಾಯ್ಡ್ ಅಲ್ಲ ಅನ್ನಿಸತೈತಿ. ಈ ರೋಗದ ಹೆಸರು ಹೇಳಿ ರಕ್ತ ಪರೀಕ್ಷೆ ಮಾಡಿಸು. ಕಾಗದ ತಗೊಂಡು ಹೋಗು” ಎಂದು ಹೇಳಿ ಒಳಗೆ ಹೋದಳು. ಅಂದು ರಾತ್ರಿ ಊಟಕ್ಕೆ ಕುಳಿತವಳು ತುತ್ತು ಎತ್ತದೆ ಎದ್ದಳು. ನರಸಪ್ಪ ಅವಳ ತಟ್ಟೆಯನ್ನು ಮುಚ್ಚಿಟ್ಟ.

ಮಂಗಳಾ ಗಂಡನನ್ನು ರಾಯದುರ್ಗಕ್ಕೆ ಕರೆದುಕೊಂಡು ಹೋದದ್ದು ಸುಂಕಲಮ್ಮನಿಗೆ ಬೇರೆಯವರಿಂದ ತಿಳಿಯಿತು. ಅನುಮಾನ ನಿಜವಾಗಿತ್ತು. ಆರು ವಾರ ಬಿಡದೆ ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ಅವನು ಮತ್ತೆ ಹೊಲಕ್ಕೆ ಇಳಿದ. ಕಪ್ಪು ಆಕಳನ್ನು ಹೊಲದ ಮೂಲೆಯಲ್ಲಿ ಬೇರೆ ಕೊಟ್ಟಿಗೆ ಹಾಕಿ ಕಟ್ಟಿದರು. ಅದಕ್ಕೆ ಮತ್ತೆ ಗಬ್ಬ ಕಟ್ಟಿಸಲಿಲ್ಲ, ಹಾಲು ಬತ್ತಿಸಿದರು. ದೊಡ್ಡಬೀರಪ್ಪನ ಆಕಳು ಎಲ್ಲಿ ಹೋಯಿತು, ಅದಕ್ಕೆ ರೋಗವಿತ್ತೋ ಇಲ್ಲವೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಗಾಡಿ ತಿರುಗಿ ಹೋದ ದಿನದಿಂದ ಮಂಗಳಾ ಸುಂಕಲಮ್ಮನ ಜೊತೆ ಮಾತು ಬಿಟ್ಟಳು. ಬಾವಿಕಟ್ಟೆಯಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುವಳು.

ಚಳಿಗಾಲ ಮುಗಿಯುವ ಹೊತ್ತಿಗೆ ಅಂಜಿನಿ ಹೆಣ್ಣು ಕರುಗಳಿಗೆ ಲಸಿಕೆ ಹಾಕಲು ಶಾಲೆಯ ಬಯಲಿಗೆ ಬಂದ. ಸುಂಕಲಮ್ಮ ಕೆಂಪಿಯ ಕರುವನ್ನು ಹಿಡಿದುಕೊಂಡು ಹೋದಳು. ಅವಳ ಮುಂದೆ ಮಂಗಳಾ ಇದ್ದಳು. ಅಣ್ಣನ ಮನೆಯಿಂದ ತಂದ ಚಿಕ್ಕ ಕರುವಿನ ಕೊರಳಿಗೆ ಹೊಸ ಹಗ್ಗ. ಅಂಜಿನಿ ಸೂಜಿಗೆ ಔಷಧಿ ಎಳೆದುಕೊಂಡು ಕರುವಿನ ಹತ್ತಿರ ಬಗ್ಗಿದ.

ಮಂಗಳಾ ಅವನ ಕೈ ತಡೆದಳು. “ಮೊದಲು ಬುಕ್ಕಿನಾಗ ಬರಿ. ಇದಕ್ಕ ಐದು ತಿಂಗಳು. ಬರದು ನನಗ ತೋರಿಸು.”

ಅಂಜಿನಿ ಸೂಜಿ ಕೆಳಗಿಟ್ಟು ಪುಸ್ತಕ ತೆಗೆದ. ಬರೆದದ್ದನ್ನು ಅವಳು ಬಗ್ಗಿ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಹಿಂದಕ್ಕೆ ತಿರುಗಿ, ಸುಂಕಲಮ್ಮನ ಮುಖ ನೋಡದೆ, ಪುಸ್ತಕವನ್ನು ಅವಳ ಕಡೆ ಚಾಚಿದಳು.

“ಸರಿ ಬರದಾನೇನು ನೋಡು” ಎಂದಳು.